ಮತದಾರರು ಒಪ್ಪಿದ ಮಾರಾಟ ತೆರಿಗೆ: ಲೆಕ್ಕ ಕೇಳುವವರು ಯಾರು?

ತೆರಿಗೆ ಎಂದೊಡನೆ ವರ್ತಕರ ಮನಸ್ಸಿನಲ್ಲಿ ಮೂಡುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು: ದರ ಎಷ್ಟು, ನಮೂನೆ ಯಾವುದು, ಕೊನೆಯ ದಿನಾಂಕ ಯಾವಾಗ. ಕಟ್ಟಿದ ಹಣ ಹೇಳಿದ ಉದ್ದೇಶಕ್ಕೇ ಸಂದಿತೇ ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಕೇಳಿದರೂ ಉತ್ತರ ಕೊಡಬೇಕಾದವರು ಯಾರೆಂಬುದು ಬಹಳಷ್ಟು ಸಂದರ್ಭಗಳಲ್ಲಿ ಸ್ಪಷ್ಟವಿರುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಈ ನಾಲ್ಕನೆಯ ಪ್ರಶ್ನೆಗೆಂದೇ ಒಂದು ವ್ಯವಸ್ಥೆ ರೂಪುಗೊಂಡಿದೆ. ಅಲ್ಲಿ ಸ್ಥಳೀಯ ಮಾರಾಟ ತೆರಿಗೆಯನ್ನು ಹೇರಬೇಕಾದರೆ ಮತದಾರರ ಒಪ್ಪಿಗೆ ಬೇಕು. ಒಪ್ಪಿಗೆಯ ಮೇಲೆ ಸಂಗ್ರಹವಾದ ಹಣದ ವಿನಿಯೋಗವನ್ನು ನೋಡಲು ಅನೇಕ ಕಡೆ ನಾಗರಿಕರ ಮೇಲುಸ್ತುವಾರಿ ಸಮಿತಿ ಇರುತ್ತದೆ. ಈ ವ್ಯವಸ್ಥೆಯ ಗುಣವೇನು, ಕೊರತೆಯೇನು ಎಂಬುದನ್ನು ಅಲ್ಲಿನ ಎರಡು ಕೌಂಟಿಗಳ ಅನುಭವದಿಂದ ಚೆನ್ನಾಗಿ ಅರಿಯಬಹುದು. ಕೌಂಟಿ ಎಂದರೆ ಸ್ಥೂಲವಾಗಿ ಜಿಲ್ಲೆಗೆ ಸಮಾನವಾದ ಆಡಳಿತ ಘಟಕ.

ತೆರಿಗೆಯ ಸ್ವರೂಪ

ಅಮೆರಿಕದಲ್ಲಿ ಜಿಎಸ್‌ಟಿಯಂತಹ ರಾಷ್ಟ್ರವ್ಯಾಪಿ ತೆರಿಗೆ ಇಲ್ಲ. ಮಾರಾಟ ತೆರಿಗೆಯು ರಾಜ್ಯಗಳಿಗೂ ಸ್ಥಳೀಯ ಸಂಸ್ಥೆಗಳಿಗೂ ಸೇರಿದ ವಿಷಯ. ಕ್ಯಾಲಿಫೋರ್ನಿಯಾದಲ್ಲಿ ಈ ತೆರಿಗೆ ಅಂತಿಮ ಗ್ರಾಹಕನಿಗೆ ಮಾರುವ ಹಂತದಲ್ಲಿ ಒಂದೇ ಬಾರಿ ಬೀಳುತ್ತದೆ. ಮರುಮಾರಾಟಕ್ಕಾಗಿ ಕೊಳ್ಳುವ ವರ್ತಕನು ಅದಕ್ಕೆ ಸಂಬಂಧಿಸಿದ ಪ್ರಮಾಣಪತ್ರವನ್ನು ಕೊಟ್ಟು ತೆರಿಗೆಯಿಲ್ಲದೆ ಸರಕು ಪಡೆಯುತ್ತಾನೆ. 2005 ರ ಏಪ್ರಿಲ್ 1 ರಂದು ವ್ಯಾಟ್ ಜಾರಿಗೆ ಬರುವ ಮುನ್ನ 1957 ರ ಕರ್ನಾಟಕ ಮಾರಾಟ ತೆರಿಗೆ ಕಾಯಿದೆಯಡಿ ವ್ಯವಹರಿಸಿದ ಹಿರಿಯ ವರ್ತಕರಿಗೆ ಏಕಹಂತದ ತೆರಿಗೆ ಹೊಸದಲ್ಲ. ಆದರೆ ಇಲ್ಲಿ ಅದು ಬಹುತೇಕ ಸರಕುಗಳ ಮೊದಲ ಮಾರಾಟದ ಮೇಲೆ ಬೀಳುತ್ತಿತ್ತು. ಅಲ್ಲಿ ಕೊನೆಯ ಮಾರಾಟದ ಮೇಲೆ ಬೀಳುತ್ತದೆ. ಹೆಚ್ಚಿನ ಸೇವೆಗಳೂ ಮನೆಗೆ ಕೊಳ್ಳುವ ದಿನಸಿ ಆಹಾರ ಪದಾರ್ಥಗಳೂ ತೆರಿಗೆಯ ವ್ಯಾಪ್ತಿಯಿಂದ ಹೊರಗಿವೆ.

2017 ರಿಂದ ರಾಜ್ಯದಾದ್ಯಂತ ಮೂಲ ದರ ಶೇಕಡಾ 7.25. ಅದರ ಮೇಲೆ ಕೌಂಟಿ ಮತ್ತು ನಗರಗಳು ತಮ್ಮ ಮತದಾರರ ಒಪ್ಪಿಗೆಯೊಡನೆ ಹೆಚ್ಚುವರಿ ದರವನ್ನು ಸೇರಿಸಬಹುದು. ಸಂಗ್ರಹಣೆಯ ಹೊಣೆ ರಾಜ್ಯದ ತೆರಿಗೆ ಇಲಾಖೆಯದು. ಅಂಗಡಿಯವನು ಒಂದೇ ರಿಟರ್ನ್ ಸಲ್ಲಿಸುತ್ತಾನೆ. ಇಲಾಖೆಯು ಸ್ಥಳೀಯ ಪಾಲನ್ನು ಬೇರ್ಪಡಿಸಿ ಆಯಾ ಸಂಸ್ಥೆಗೆ ಕಳುಹಿಸುತ್ತದೆ.

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. 2025 ರಲ್ಲಿ ಸ್ಯಾನ್ ಡಿಯಾಗೊ ನಗರದಲ್ಲಿ ದರ ಶೇಕಡಾ 7.75 ಇತ್ತು, ಮೂಲ ದರದ ಮೇಲೆ ಕೌಂಟಿಯ ಸಾರಿಗೆ ತೆರಿಗೆ ಅರ್ಧ ಶೇಕಡಾ. ಅದೇ ಕೌಂಟಿಯ ಚೂಲಾ ವಿಸ್ಟಾ ನಗರದಲ್ಲಿ ದರ ಶೇಕಡಾ 8.75, ಅಲ್ಲಿನ ಮತದಾರರು 2016 ಮತ್ತು 2018 ರಲ್ಲಿ ಅರ್ಧ ಅರ್ಧ ಶೇಕಡಾದಂತೆ ಎರಡು ತೆರಿಗೆಗಳನ್ನು ಒಪ್ಪಿದ್ದರು. ಹೀಗಾಗಿ 1,000 ಡಾಲರ್ ಬೆಲೆಯ ಪೀಠೋಪಕರಣಕ್ಕೆ ಒಂದು ಊರಿನಲ್ಲಿ 77.50 ಡಾಲರ್, ಪಕ್ಕದ ಊರಿನಲ್ಲಿ 87.50 ಡಾಲರ್ ತೆರಿಗೆ. ದೊಡ್ಡ ಬೆಲೆಯ ಸರಕು ಮಾರುವ ವರ್ತಕನಿಗೆ ಈ ಅಂತರ ಅಲಕ್ಷ್ಯ ಮಾಡುವಂತಹುದಲ್ಲ. ಗ್ರಾಹಕನಿಂದ ಹೆಚ್ಚುವರಿ ಹಣ ಪಡೆದು ಕಟ್ಟುವವನು ಆತನೇ ಆದ್ದರಿಂದ, ಆ ಹಣದಿಂದ ರಸ್ತೆ ದುರಸ್ತಿಯಾಯಿತೇ ಎಂಬ ಪ್ರಶ್ನೆಯೂ ಆತನಿಗೆ ಸಹಜ.

ಮತದಾನದ ನಿಯಮ

1978 ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು 13 ನೆಯ ಪ್ರಸ್ತಾವವನ್ನು ಅಂಗೀಕರಿಸಿ ಆಸ್ತಿ ತೆರಿಗೆಗೆ ಕಟ್ಟುನಿಟ್ಟಿನ ಮಿತಿ ಹಾಕಿದರು. ಸ್ಥಳೀಯ ಸಂಸ್ಥೆಗಳು ವಿಶೇಷ ತೆರಿಗೆ ವಿಧಿಸಬೇಕಾದರೆ ಮೂರನೆಯ ಎರಡರಷ್ಟು ಮತ ಬೇಕೆಂಬ ನಿಯಮವೂ ಅದರಲ್ಲಿಯೇ ಸೇರಿತ್ತು. ಈ ನಿಯಮದ ವ್ಯಾಪ್ತಿಯ ಬಗ್ಗೆ ದೀರ್ಘಕಾಲ ವಿವಾದ ನಡೆಯಿತು. 1995 ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಸ್ಯಾಂಟಾ ಕ್ಲಾರಾ ಕೌಂಟಿಯ ಸಾರಿಗೆ ತೆರಿಗೆಗೆ ಸಂಬಂಧಿಸಿದ ಗಾರ್ಡಿನೊ ಪ್ರಕರಣದಲ್ಲಿ, ಸರಳ ಬಹುಮತವಷ್ಟೇ ದೊರೆತ ಆ ತೆರಿಗೆ ಊರ್ಜಿತವಲ್ಲವೆಂದು ತೀರ್ಪಿತ್ತಿತು. 1996 ರ 218 ನೆಯ ಪ್ರಸ್ತಾವವು ಇಡೀ ವಿಷಯವನ್ನು ರಾಜ್ಯದ ಸಂವಿಧಾನದಲ್ಲಿಯೇ ಸ್ಪಷ್ಟಪಡಿಸಿತು. ಅದರಂತೆ ಸ್ಥಳೀಯ ತೆರಿಗೆಗಳಲ್ಲಿ ಎರಡು ಬಗೆ. ನಿರ್ದಿಷ್ಟ ಉದ್ದೇಶಕ್ಕೆ ಮೀಸಲಾದುದು ವಿಶೇಷ ತೆರಿಗೆ. ಅದಕ್ಕೆ ಮೂರನೆಯ ಎರಡರಷ್ಟು ಮತ ಬೇಕು. ಸಾಮಾನ್ಯ ನಿಧಿಗೆ ಸೇರುವುದು ಸಾಮಾನ್ಯ ತೆರಿಗೆ; ಅದಕ್ಕೆ ಸರಳ ಬಹುಮತ ಸಾಕು.

ಮೂರನೆಯ ಎರಡು ಎಂಬುದು ಸುಲಭದ ಮಾತಲ್ಲ. 2012 ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಸಾರಿಗೆ ತೆರಿಗೆಯನ್ನು ವಿಸ್ತರಿಸುವ ಪ್ರಸ್ತಾವಕ್ಕೆ ಶೇಕಡಾ 66.1 ರಷ್ಟು ಮತ ಬಿದ್ದರೂ ಅದು ಸೋತಿತು. ಅರ್ಧ ಶೇಕಡಾದಷ್ಟು ಮತವೂ ನಿರ್ಣಾಯಕವಾಗುವ ಇಂತಹ ಸ್ಥಿತಿಯಲ್ಲಿ, ಸರ್ಕಾರದ ಮೇಲೆ ಸಂದೇಹವುಳ್ಳ ಮತದಾರನನ್ನೂ ಒಪ್ಪಿಸಬೇಕಾಗುತ್ತದೆ. ಹಣವನ್ನು ಬೇರೆಡೆಗೆ ತಿರುಗಿಸುವುದಿಲ್ಲ, ನಾಗರಿಕರೇ ಲೆಕ್ಕ ನೋಡುತ್ತಾರೆ ಎಂಬ ಭರವಸೆಯು ಪ್ರಸ್ತಾವದ ಭಾಗವಾಗಲು ಇದು ಮುಖ್ಯ ಕಾರಣ.

ಈ ಸಂದೇಹಕ್ಕೆ ಆಧಾರವೂ ಇತ್ತು. 1994 ರ ಡಿಸೆಂಬರ್‌ನಲ್ಲಿ ಆರೆಂಜ್ ಕೌಂಟಿಯು ತನ್ನ ಖಜಾನೆಯ ಅಪಾಯಕಾರಿ ಹೂಡಿಕೆಗಳಲ್ಲಿ 160 ಕೋಟಿ ಡಾಲರಿಗೂ ಮಿಗಿಲಾದ ನಷ್ಟಕ್ಕೀಡಾಗಿ ದಿವಾಳಿ ಅರ್ಜಿ ಸಲ್ಲಿಸಿತು. ನಷ್ಟ ತುಂಬಿಕೊಳ್ಳಲು ಅರ್ಧ ಶೇಕಡಾ ಮಾರಾಟ ತೆರಿಗೆಯನ್ನು 1995 ರ ಜೂನ್‌ನಲ್ಲಿ ಜನರ ಮುಂದಿಟ್ಟಾಗ ಅವರು ಅದನ್ನು ಸ್ಪಷ್ಟವಾಗಿ ತಿರಸ್ಕರಿಸಿದರು. ಆದರೆ ಅದೇ ಕೌಂಟಿಯ ಮತದಾರರು 1990 ರಲ್ಲಿ ರಸ್ತೆ ಮತ್ತು ಸಾರಿಗೆಗಾಗಿ 20 ವರ್ಷಗಳ ಅರ್ಧ ಶೇಕಡಾ ತೆರಿಗೆಯನ್ನು ಒಪ್ಪಿದ್ದರು. 2006 ರಲ್ಲಿ ಅದನ್ನು 2041 ರವರೆಗೆ ಮುಂದುವರಿಸಲು ಶೇಕಡಾ 69.7 ರಷ್ಟು ಮತ ನೀಡಿದರು. ಉದ್ದೇಶ ಮೊದಲೇ ಬರೆದಿದ್ದ ತೆರಿಗೆಗೆ ಒಪ್ಪಿಗೆ ದೊರೆಯಿತು; ಕಳೆದುಕೊಂಡ ಹಣವನ್ನು ತುಂಬಿಕೊಡಲು ಕೇಳಿದ ತೆರಿಗೆಗೆ ದೊರೆಯಲಿಲ್ಲ.

ಸಮಿತಿಯಲ್ಲಿ ಯಾರಿರುತ್ತಾರೆ?

ಆರೆಂಜ್ ಕೌಂಟಿಯ ತೆರಿಗೆದಾರರ ಮೇಲುಸ್ತುವಾರಿ ಸಮಿತಿಯಲ್ಲಿ 11 ಸದಸ್ಯರು. ಐದು ಕ್ಷೇತ್ರಗಳಿಂದ ತಲಾ ಇಬ್ಬರಂತೆ ಹತ್ತು ಮಂದಿ ನಾಗರಿಕರು. ಹನ್ನೊಂದನೆಯವರು ಕೌಂಟಿಯ ಲೆಕ್ಕ ನಿಯಂತ್ರಕರು. ಚುನಾಯಿತ ಪ್ರತಿನಿಧಿಗಳಿಗೆ ನಾಗರಿಕ ಸದಸ್ಯತ್ವದಲ್ಲಿ ಅವಕಾಶವಿಲ್ಲ. ಗ್ರ್ಯಾಂಡ್ ಜ್ಯೂರಿಯಲ್ಲಿ ಸೇವೆ ಸಲ್ಲಿಸಿದವರ ಸಂಘವು ಅರ್ಜಿಗಳನ್ನು ಪರಿಶೀಲಿಸಿ ಅರ್ಹರ ಪಟ್ಟಿ ಮಾಡುತ್ತದೆ. ಆ ಪಟ್ಟಿಯಿಂದ ಸದಸ್ಯರನ್ನು ಸಾರ್ವಜನಿಕವಾಗಿ ಚೀಟಿ ಎತ್ತಿ ಆರಿಸಲಾಗುತ್ತದೆ. ಯಾರ ಖರ್ಚನ್ನು ಪರಿಶೀಲಿಸಬೇಕೋ ಅವರೇ ಪರಿಶೀಲಕರನ್ನು ನೇಮಿಸಬಾರದು ಎಂಬುದು ಇದರ ಹಿಂದಿನ ತತ್ತ್ವ. ಲೆಕ್ಕಪರಿಶೋಧನೆಯ ಸ್ವಾತಂತ್ರ್ಯದ ಮೂಲ ಸೂತ್ರವೂ ಇದೇ.

ಸ್ಯಾನ್ ಡಿಯಾಗೊ ಕೌಂಟಿ ಬೇರೆ ದಾರಿ ಹಿಡಿಯಿತು. ಅಲ್ಲಿ ಟ್ರಾನ್ಸ್‌ನೆಟ್ ಎಂಬ ಹೆಸರಿನ ಅರ್ಧ ಶೇಕಡಾ ಸಾರಿಗೆ ತೆರಿಗೆಯನ್ನು ಮತದಾರರು 1987 ರಲ್ಲಿ 20 ವರ್ಷಗಳಿಗೆ ಒಪ್ಪಿದರು. 2004 ರ ನವೆಂಬರ್‌ನಲ್ಲಿ ಇನ್ನೂ 40 ವರ್ಷ, ಅಂದರೆ 2048 ರವರೆಗೆ, ವಿಸ್ತರಿಸಲು ಸುಮಾರು ಶೇಕಡಾ 67 ರಷ್ಟು ಮತ ದೊರೆಯಿತು. ವಿಸ್ತರಣೆಯ ಶಾಸನದಲ್ಲಿಯೇ ಏಳು ಸದಸ್ಯರ ಸ್ವತಂತ್ರ ತೆರಿಗೆದಾರರ ಸಮಿತಿಯನ್ನು ಸೇರಿಸಲಾಯಿತು. ಇಲ್ಲಿ ಪ್ರತಿಯೊಂದು ಸ್ಥಾನಕ್ಕೂ ಒಂದು ವೃತ್ತಿಪರ ಅರ್ಹತೆಯಿದೆ: ಸ್ಥಳೀಯ ಸಂಸ್ಥೆಗಳ ಲೆಕ್ಕಪರಿಶೋಧನೆ ಮತ್ತು ಹಣಕಾಸು, ಸಿವಿಲ್ ಎಂಜಿನಿಯರಿಂಗ್ ಅಥವಾ ವಾಸ್ತುಶಿಲ್ಪ, ಭೂಮಿ ಮತ್ತು ಸ್ಥಿರಾಸ್ತಿ, ದೊಡ್ಡ ಕಾಮಗಾರಿಗಳ ನಿರ್ವಹಣೆ, ಸಾರಿಗೆ ಎಂಜಿನಿಯರಿಂಗ್, ಖಾಸಗಿ ಉದ್ಯಮದ ಉನ್ನತ ಆಡಳಿತ, ಪರಿಸರ ವಿಜ್ಞಾನ. ಸಮಿತಿಯ ವೆಚ್ಚ ಮತ್ತು ಪರಿಶೋಧನಾ ಶುಲ್ಕಕ್ಕಾಗಿ ತೆರಿಗೆಯ ಹಣದಿಂದಲೇ ವರ್ಷಕ್ಕೆ 2.5 ಲಕ್ಷ ಡಾಲರುಗಳವರೆಗೆ, ಬೆಲೆ ಏರಿಕೆಗೆ ಹೊಂದಿಸಿ, ಒದಗಿಸುವ ಏರ್ಪಾಡೂ ಶಾಸನದಲ್ಲಿದೆ. ಹಣವಿಲ್ಲದ ಸಮಿತಿ ಹೊರಗಿನ ಪರಿಶೋಧಕರನ್ನು ನೇಮಿಸಲಾರದು ಎಂಬುದನ್ನು ಶಾಸನ ಬರೆದವರು ಮನಗಂಡಿದ್ದರು.

ಒಂದು ಕಡೆ ಸಾಮಾನ್ಯ ನಾಗರಿಕರು, ಇನ್ನೊಂದು ಕಡೆ ತಜ್ಞರು. ಎರಡೂ ಕ್ರಮಗಳಿಗೆ ಅವುಗಳದೇ ಅನುಕೂಲಗಳಿವೆ. ಚೀಟಿಯಿಂದ ಬಂದವರಿಗೆ ಯಾರ ಋಣವೂ ಇರುವುದಿಲ್ಲ. ತಜ್ಞರಿಗೆ ಕಡತದ ಭಾಷೆ ಬೇಗ ಅರ್ಥವಾಗುತ್ತದೆ.

ಸಮಿತಿಯ ಕೆಲಸವೇನು?

ಸಮಿತಿಗಳ ಕೆಲಸವನ್ನು ಮುಖ್ಯವಾಗಿ ಮೂರು ಭಾಗಗಳಾಗಿ ನೋಡಬಹುದು. ಮೊದಲನೆಯದು ವಾರ್ಷಿಕ ಲೆಕ್ಕಪರಿಶೋಧನೆ. ಬಂದ ತೆರಿಗೆ, ಮಾಡಿದ ಖರ್ಚು, ಉಳಿದ ಶಿಲ್ಕು ಇವುಗಳ ತಾಳೆ ನೋಡುವುದರ ಜೊತೆಗೆ ಶಾಸನದ ಷರತ್ತುಗಳ ಪಾಲನೆಯನ್ನೂ ನೋಡಲಾಗುತ್ತದೆ. ಎರಡನೆಯದು ಮೂರು ವರ್ಷಕ್ಕೊಮ್ಮೆ ಕಾರ್ಯಕ್ಷಮತೆಯ ಪರಿಶೀಲನೆ. ಹಣ ಖರ್ಚಾಯಿತೇ ಎಂಬುದರ ಬದಲು ಆ ಹಣಕ್ಕೆ ತಕ್ಕ ಕೆಲಸ ಸಕಾಲದಲ್ಲಿ ಆಯಿತೇ ಎಂಬುದು ಇಲ್ಲಿನ ಪ್ರಶ್ನೆ. ಮೂರನೆಯದು ಸಾರ್ವಜನಿಕ ವರದಿ. ಆರೆಂಜ್ ಕೌಂಟಿಯಲ್ಲಿ ಸಮಿತಿಯು ಪ್ರತಿ ವರ್ಷ ಬಹಿರಂಗ ವಿಚಾರಣೆ ನಡೆಸಿ, ಸಾರಿಗೆ ಪ್ರಾಧಿಕಾರವು ಮತದಾರರು ಒಪ್ಪಿದ ಯೋಜನೆಯಂತೆಯೇ ನಡೆಯುತ್ತಿದೆಯೇ ಎಂದು ತೀರ್ಮಾನಿಸುತ್ತದೆ. ಯೋಜನೆಯ ಬಾಬುಗಳ ನಡುವೆ ಹಣ ಬದಲಾಯಿಸುವಂತಹ ತಿದ್ದುಪಡಿಗೆ ಸಮಿತಿಯ ಮೂರನೆಯ ಎರಡರಷ್ಟು ಸದಸ್ಯರ ಒಪ್ಪಿಗೆಯೂ ಅಗತ್ಯ.

ಷರತ್ತುಗಳಲ್ಲಿ ಒಂದು ವಿಶೇಷವಾಗಿ ಗಮನಾರ್ಹ. ನಗರಸಭೆಗಳು ಈ ಮೊದಲು ತಮ್ಮ ಸ್ವಂತ ನಿಧಿಯಿಂದ ರಸ್ತೆಗೆ ಎಷ್ಟು ಖರ್ಚು ಮಾಡುತ್ತಿದ್ದವೋ ಅಷ್ಟನ್ನು ಮುಂದುವರಿಸಲೇಬೇಕು. ಹೊಸ ತೆರಿಗೆ ಬಂತೆಂದು ಹಳೆಯ ಅನುದಾನವನ್ನು ಹಿಂತೆಗೆದು ಬೇರೆಡೆ ಬಳಸುವಂತಿಲ್ಲ. ಈ ಷರತ್ತು ಇಲ್ಲದಿದ್ದರೆ, ಮೀಸಲು ತೆರಿಗೆಯ ಪ್ರತಿಯೊಂದು ಡಾಲರೂ ರಸ್ತೆಗೇ ಖರ್ಚಾಗಿದೆ ಎಂದು ಲೆಕ್ಕ ತೋರಿಸಬಹುದು. ಆದರೂ ರಸ್ತೆಗೆ ದೊರೆತ ಒಟ್ಟು ಹಣ ಹೆಚ್ಚಾಗಿರುವುದಿಲ್ಲ. ಒಂದು ಜೇಬಿನಿಂದ ಹಾಕಿ ಇನ್ನೊಂದು ಜೇಬಿನಿಂದ ತೆಗೆದಂತೆ.

ಸಾಮಾನ್ಯ ತೆರಿಗೆಯ ಮೇಲಿನ ಸಮಿತಿಗೆ ಇಷ್ಟು ಬಲವಿರುವುದಿಲ್ಲ. ಚೂಲಾ ವಿಸ್ಟಾದಲ್ಲಿ 2016 ರ ತೆರಿಗೆಗೆ ನಾಗರಿಕ ಸಮಿತಿ ಇದ್ದರೂ, ಆ ತೆರಿಗೆ ಕಾನೂನಿನ ದೃಷ್ಟಿಯಲ್ಲಿ ಸಾಮಾನ್ಯ ತೆರಿಗೆ. ಮೂಲಸೌಕರ್ಯಕ್ಕೆ ಬಳಸುವ ಮಾತು ನಗರಸಭೆಯ ಸಂಕಲ್ಪವೇ ಹೊರತು ವಿಶೇಷ ತೆರಿಗೆಯ ಬಂಧನವಲ್ಲ. ಸಮಿತಿ ಇದೆ ಎಂಬ ಮಾತನ್ನು ಕೇಳಿದಾಗ, ಅದು ಯಾವ ಬಗೆಯ ತೆರಿಗೆಯ ಮೇಲಿದೆ ಎಂಬುದನ್ನು ಮೊದಲು ತಿಳಿಯಬೇಕಾದುದು ಇದಕ್ಕಾಗಿ.

ಸ್ಯಾನ್ ಡಿಯಾಗೊದ ಪಾಠ

ಸ್ಯಾನ್ ಡಿಯಾಗೊದಲ್ಲಿ ತಜ್ಞರ ಸಮಿತಿ, ಅದಕ್ಕೆ ಹಣ, ವಾರ್ಷಿಕ ಪರಿಶೋಧನೆ, ತ್ರೈವಾರ್ಷಿಕ ಪರಿಶೀಲನೆ ಎಲ್ಲವೂ ಇದ್ದವು. ಆದರೂ ಅತಿ ದೊಡ್ಡ ದೋಷವೊಂದು ಅದರ ಕಣ್ತಪ್ಪಿ ಉಳಿಯಿತು.

ಟ್ರಾನ್ಸ್‌ನೆಟ್ ನಿರ್ವಹಿಸುವ ಪ್ರಾದೇಶಿಕ ಸಂಸ್ಥೆಯ ಹೆಸರು ಸ್ಯಾಂಡ್ಯಾಗ್. 2004 ರಲ್ಲಿ ವಿಸ್ತರಣೆಯನ್ನು ಕೇಳುವಾಗ 40 ವರ್ಷಗಳಲ್ಲಿ 1,400 ಕೋಟಿ ಡಾಲರ್ ಬರುವುದೆಂದು ಅದು ಹೇಳಿತ್ತು. ಆ ಮೊತ್ತವನ್ನು ಆಧರಿಸಿ ಕಾಮಗಾರಿಗಳ ಪಟ್ಟಿಯನ್ನು ಮತದಾರರಿಗೆ ಕೊಟ್ಟಿತ್ತು. 2016 ರ ನವೆಂಬರ್‌ನಲ್ಲಿ ಇನ್ನೊಂದು ಅರ್ಧ ಶೇಕಡಾ ತೆರಿಗೆಯನ್ನು 40 ವರ್ಷಗಳಿಗೆ ಮತಕ್ಕಿಟ್ಟು, ಅದರಿಂದ 1,800 ಕೋಟಿ ಡಾಲರ್ ಬರುವುದೆಂದು ತಿಳಿಸಿತು. ಮತದಾನಕ್ಕೆ ಕೆಲವೇ ವಾರಗಳ ಮೊದಲು ವಾಯ್ಸ್ ಆಫ್ ಸ್ಯಾನ್ ಡಿಯಾಗೊ ಎಂಬ ಸುದ್ದಿ ಸಂಸ್ಥೆಯು ಸ್ಯಾಂಡ್ಯಾಗ್‌ನ ಆದಾಯದ ಅಂದಾಜುಗಳನ್ನು ಪ್ರಶ್ನಿಸಿತು. ಹಳೆಯ ತೆರಿಗೆಯಿಂದ ನಿರೀಕ್ಷಿಸಿದಷ್ಟು ಹಣ ಬರುತ್ತಿಲ್ಲ, ಮುಂದಿನ ಅಂದಾಜು ವಾಸ್ತವಕ್ಕಿಂತ ಬಹಳ ಹೆಚ್ಚಿದೆ ಎಂಬುದು ಅದರ ವರದಿಯ ಸಾರ. ಪ್ರಸ್ತಾವಕ್ಕೆ ಸುಮಾರು ಶೇಕಡಾ 58 ರಷ್ಟು ಮತ ಬಂದು, ಮೂರನೆಯ ಎರಡು ಮುಟ್ಟದೆ ಅದು ಸೋತಿತು.

ಬಳಿಕ ಸ್ಯಾಂಡ್ಯಾಗ್ ಮಂಡಳಿಯು ಹೊರಗಿನ ಕಾನೂನು ಸಂಸ್ಥೆಯಿಂದ ತನಿಖೆ ನಡೆಸಿತು. ಅಂದಾಜಿನಲ್ಲಿ ದೋಷವಿದೆಯೆಂಬುದು ಸಂಸ್ಥೆಯ ಕೆಲವು ಸಿಬ್ಬಂದಿಗೆ ಮತದಾನಕ್ಕೆ ಮೊದಲೇ ತಿಳಿದಿತ್ತೆಂದೂ ಮತದಾರರ ಮುಂದಿದ್ದ ಅಂಕಿ ತಿದ್ದುಪಡಿಯಾಗಲಿಲ್ಲವೆಂದೂ 2017 ರ ತನಿಖಾ ವರದಿಯಿಂದ ತಿಳಿದುಬಂತು. ಅದೇ ವರ್ಷ ಸಂಸ್ಥೆಯ ಕಾರ್ಯನಿರ್ವಾಹಕ ನಿರ್ದೇಶಕರು ಹುದ್ದೆ ತೊರೆದರು. ರಾಜ್ಯ ಶಾಸಕಾಂಗವು 2017 ರಲ್ಲಿ ಎಬಿ 805 ಎಂಬ ಕಾಯಿದೆಯನ್ನು ಮಾಡಿ, ಸ್ಯಾಂಡ್ಯಾಗ್‌ಗೆ ಸ್ವತಂತ್ರ ಕಾರ್ಯಕ್ಷಮತಾ ಪರಿಶೋಧಕರನ್ನೂ, ಸಾರ್ವಜನಿಕ ಸದಸ್ಯರನ್ನೊಳಗೊಂಡ ಪರಿಶೋಧನಾ ಸಮಿತಿಯನ್ನೂ ಕಡ್ಡಾಯಗೊಳಿಸಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಸಾರ್ವಜನಿಕರ ಮುಂದೆ ಬಂದ ಆರೋಪ ಹಣ ಕದ್ದರೆಂಬುದಲ್ಲ. ತೊಡಕು ಇದ್ದುದು ವೋಚರಿನಲ್ಲಲ್ಲ, ಅಂದಾಜಿನಲ್ಲಿ. ಖರ್ಚಾದ ಹಣದ ರಸೀದಿಗಳನ್ನು ಎಷ್ಟೇ ಶ್ರದ್ಧೆಯಿಂದ ಪರಿಶೀಲಿಸಿದರೂ ಮುಂದೆ ಬರಲಾರದ ಹಣದ ಸುಳಿವು ಅವುಗಳಲ್ಲಿ ಸಿಗುವುದಿಲ್ಲ. ಆದರೆ ಮತದಾರನು ಒಪ್ಪಿಗೆ ಕೊಟ್ಟದ್ದು ರಸೀದಿಗಳನ್ನು ನೋಡಿ ಅಲ್ಲ. ಇಷ್ಟು ಹಣ ಬರುತ್ತದೆ, ಇಷ್ಟು ಕಾಮಗಾರಿಗಳಾಗುತ್ತವೆ ಎಂಬ ಅಂದಾಜನ್ನು ನಂಬಿ. ಆ ಅಂದಾಜನ್ನು ತಯಾರಿಸಿದವರೂ ಅದರ ಆಧಾರದ ಮೇಲೆ ತೆರಿಗೆ ಕೇಳಿದವರೂ ಒಂದೇ ಸಂಸ್ಥೆಯವರು. ಬ್ಯಾಂಕಿನ ಮುಂದೆ ಸಾಲಕ್ಕೆ ಹೋಗುವ ಉದ್ಯಮಿ ಮುಂದಿನ ಐದು ವರ್ಷಗಳ ವಹಿವಾಟನ್ನು ತಾನೇ ಬರೆದುಕೊಂಡು ಹೋದರೆ ಬ್ಯಾಂಕು ಅದನ್ನು ಹಾಗೆಯೇ ಒಪ್ಪುವುದಿಲ್ಲ. 40 ವರ್ಷಗಳ ತೆರಿಗೆಗೆ ಅಷ್ಟಾದರೂ ಪರೀಕ್ಷೆ ಬೇಡವೇ?

ಆರೆಂಜ್ ಕೌಂಟಿಯ ಉತ್ತರ

ಅಂದಾಜು ತಪ್ಪುವುದು ಸ್ಯಾನ್ ಡಿಯಾಗೊಗೆ ಮಾತ್ರ ಸೀಮಿತವಲ್ಲ. ಆರೆಂಜ್ ಕೌಂಟಿಯಲ್ಲಿ 2005 ರಲ್ಲಿ, ಮುಂದಿನ 30 ವರ್ಷಗಳ ತೆರಿಗೆಯಿಂದ 2,430 ಕೋಟಿ ಡಾಲರ್ ಬರುವುದೆಂದು ಅಂದಾಜಿಸಲಾಗಿತ್ತು. 2008 ರ ಆರ್ಥಿಕ ಹಿಂಜರಿತದ ನಂತರ ಆ ಅಂಕಿ ಕುಸಿಯಿತು. 2016 ರ ಅಂದಾಜು ಸುಮಾರು 1,420 ಕೋಟಿ ಡಾಲರ್. ಜನರ ಖರೀದಿಯಲ್ಲಿ ಸರಕಿನ ಪಾಲು ಕುಗ್ಗಿ ಸೇವೆಯ ಪಾಲು ಹಿಗ್ಗಿದಂತೆ, ಸೇವೆಯನ್ನು ಬಹುಪಾಲು ಹೊರಗಿಟ್ಟ ಮಾರಾಟ ತೆರಿಗೆಯ ಬೆಳವಣಿಗೆ ನಿಧಾನವಾಗುವುದೂ ಸಹಜ.

ಎರಡು ಕೌಂಟಿಗಳ ನಡುವಣ ವ್ಯತ್ಯಾಸವಿರುವುದು ತಪ್ಪನ್ನು ನಿಭಾಯಿಸಿದ ರೀತಿಯಲ್ಲಿ. ಆರೆಂಜ್ ಕೌಂಟಿಯ ಪ್ರಾಧಿಕಾರವು ಇಳಿದ ಅಂಕಿಗಳನ್ನು ಬಹಿರಂಗವಾಗಿ ಪ್ರಕಟಿಸುತ್ತ, ಅವಕ್ಕೆ ತಕ್ಕಂತೆ ಕಾಮಗಾರಿಗಳ ವೇಳಾಪಟ್ಟಿಯನ್ನು ಪರಿಷ್ಕರಿಸಿತು. ಅಂದಾಜನ್ನು ತಾನೇ ತಯಾರಿಸದೆ, ಮೂರು ವಿಶ್ವವಿದ್ಯಾಲಯಗಳ ಮತ್ತು ಒಂದು ಖಾಸಗಿ ಸಲಹಾ ಸಂಸ್ಥೆಯ ಮುನ್ನೋಟಗಳನ್ನು ಆಧರಿಸುವ ಕ್ರಮವನ್ನು ಅನುಸರಿಸಿತು. ಹತ್ತು ವರ್ಷಕ್ಕೊಮ್ಮೆ ಇಡೀ ಯೋಜನೆಯನ್ನು ಸಮಗ್ರವಾಗಿ ಪರಿಶೀಲಿಸಬೇಕೆಂಬ ನಿಯಮ ಶಾಸನದಲ್ಲಿಯೇ ಇತ್ತು. ನಷ್ಟದ ಸುದ್ದಿ ಕೇಳಲು ಹಿತವಲ್ಲವಾದರೂ, ಅದನ್ನು ಮೊದಲೇ ತಿಳಿದ ಪಾಲುದಾರ ತನ್ನ ಲೆಕ್ಕವನ್ನು ಸರಿಪಡಿಸಿಕೊಳ್ಳಬಲ್ಲ.

ಈ ವಿಷಯದ ಮಹತ್ವ ಇತ್ತೀಚೆಗೆ ಇನ್ನಷ್ಟು ಹೆಚ್ಚಿದೆ. 2017 ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಅಪ್‌ಲ್ಯಾಂಡ್ ನಗರದ ಪ್ರಕರಣದಲ್ಲಿ ನೀಡಿದ ತೀರ್ಪನ್ನು ಅನುಸರಿಸಿ, ನಾಗರಿಕರೇ ಸಹಿ ಸಂಗ್ರಹಿಸಿ ಮುಂದಿಡುವ ವಿಶೇಷ ತೆರಿಗೆಗೆ ಸರಳ ಬಹುಮತ ಸಾಕೆಂದು ಮೇಲ್ಮನವಿ ನ್ಯಾಯಾಲಯಗಳು ಎತ್ತಿಹಿಡಿದವು. 2024 ರ ನವೆಂಬರ್‌ನಲ್ಲಿ ಸ್ಯಾನ್ ಡಿಯಾಗೊ ಕೌಂಟಿಯಲ್ಲಿ ಇದೇ ಮಾರ್ಗದಿಂದ ಬಂದ ಅರ್ಧ ಶೇಕಡಾ ತೆರಿಗೆಯ ಪ್ರಸ್ತಾವಕ್ಕೆ ಆ ಸರಳ ಬಹುಮತವೂ ಸ್ವಲ್ಪದರಲ್ಲಿ ತಪ್ಪಿತು. ಮತದ ಅಡ್ಡಿ ತಗ್ಗಿದಾಗ ಮೇಲುಸ್ತುವಾರಿಯ ಹೊಣೆ ಏರುತ್ತದೆ.

ಇಲ್ಲಿನ ವರ್ತಕರಿಗೆ ಇದರಿಂದೇನು?

ಭಾರತದಲ್ಲಿ ತೆರಿಗೆಯನ್ನು ಶಾಸನ ಸಭೆಗಳು ನಿರ್ಧರಿಸುತ್ತವೆ. ದರದ ಮೇಲೆ ಜನಮತಗಣನೆ ಇಲ್ಲ. ಆದರೆ ಉದ್ದೇಶ ಹೇಳಿ ವಸೂಲು ಮಾಡುವ ಹಣಕ್ಕೆ ಕೊರತೆಯಿಲ್ಲ. ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರ, ಕಟ್ಟಡ ಕಾಮಗಾರಿಯ ಮೇಲೆ ಕಾರ್ಮಿಕ ಕಲ್ಯಾಣ ಕರ ಇವು ರಾಜ್ಯದ ವರ್ತಕರಿಗೂ ಸಣ್ಣ ಕೈಗಾರಿಕೆಗಳಿಗೂ ಪರಿಚಿತ. ಇಂತಹ ಕರದ ಹಣ ದಾರಿ ತಪ್ಪುವ ಸಾಧ್ಯತೆ ಕಲ್ಪನೆಯದಲ್ಲ. ಜಿಎಸ್‌ಟಿ ಪರಿಹಾರ ಕರದಲ್ಲಿ 2017-18 ಮತ್ತು 2018-19 ರ ಅವಧಿಗೆ ಸೇರಿದ 47,272 ಕೋಟಿ ರೂಪಾಯಿಗಳು ಮೀಸಲು ನಿಧಿಗೆ ಜಮೆಯಾಗಿರಲಿಲ್ಲವೆಂದು ಮಹಾಲೇಖಪಾಲರು 2020 ರ ವರದಿಯಲ್ಲಿ ದಾಖಲಿಸಿದ್ದಾರೆ.

ನಾಗರಿಕರು ಲೆಕ್ಕ ನೋಡುವ ಪದ್ಧತಿಯೂ ಕರ್ನಾಟಕಕ್ಕೆ ಅಪರಿಚಿತವಲ್ಲ. ಗ್ರಾಮ ಪಂಚಾಯಿತಿಗಳ ಲೆಕ್ಕಪತ್ರ ಮತ್ತು ಕಾಮಗಾರಿಗಳನ್ನು ವರ್ಷಕ್ಕೊಮ್ಮೆ ಜನರ ಸಮ್ಮುಖದಲ್ಲಿ ಪರಿಶೀಲಿಸುವ ಜಮಾಬಂದಿಗೆ 2000 ದಲ್ಲಿ ನಿಯಮಗಳೇ ರಚನೆಯಾದವು. ಹೆಸರು ಬೇರೆಯಾದರೂ ಉದ್ದೇಶ ಒಂದೇ.

ಯಾವುದೇ ಊರಿನಲ್ಲಿ ಹೊಸ ಕರವೊಂದರ ಪ್ರಸ್ತಾವ ಬಂದು ವರ್ತಕರ ಸಂಘದ ಅಭಿಪ್ರಾಯ ಕೇಳಿದಾಗ, ಮೇಲಿನ ಅನುಭವದ ಹಿನ್ನೆಲೆಯಲ್ಲಿ ಐದು ಪ್ರಶ್ನೆಗಳನ್ನು ಮುಂದಿಡಬಹುದು:

1. ಉದ್ದೇಶವು ಕಾನೂನಿನಲ್ಲಿ ಬರೆದಿದೆಯೇ, ಅಥವಾ ಭಾಷಣದಲ್ಲಿ ಮಾತ್ರವೇ?

2. ಹಳೆಯ ಅನುದಾನ ಮುಂದುವರಿಯುವ ಷರತ್ತು ಇದೆಯೇ?

3. ಲೆಕ್ಕ ನೋಡುವವರನ್ನು ನೇಮಿಸುವವರು ಯಾರು, ಅವರಿಗೆ ಸ್ವಂತ ಹಣವಿದೆಯೇ?

4. ಆದಾಯದ ಅಂದಾಜನ್ನು ಹೊರಗಿನವರು ಪರೀಕ್ಷಿಸಿದ್ದಾರೆಯೇ, ಅದನ್ನು ಪ್ರತಿವರ್ಷ ನಿಜವಾದ ವಸೂಲಿಯೊಡನೆ ಹೋಲಿಸಿ ಪ್ರಕಟಿಸುತ್ತಾರೆಯೇ?

5. ಕರ ಕೊನೆಗೊಳ್ಳುವ ದಿನಾಂಕ ಯಾವುದು?

ಇವುಗಳಲ್ಲಿ ನಾಲ್ಕನೆಯದನ್ನು ಕೇಳುವವರು ಅತಿ ಕಡಿಮೆ. ಸ್ಯಾನ್ ಡಿಯಾಗೊದ ತಜ್ಞರ ಸಮಿತಿಗೂ ತಪ್ಪಿಹೋದ ಪ್ರಶ್ನೆ ಅದೇ. ಖರ್ಚಿನ ಲೆಕ್ಕವನ್ನು ವರ್ಷದ ಕೊನೆಗೆ ನೋಡಬಹುದು. ಅಂದಾಜಿನ ಲೆಕ್ಕವನ್ನು ಒಪ್ಪಿಗೆ ಕೊಡುವ ಮೊದಲೇ ನೋಡಬೇಕು.